ಡೈಮಂಡ್ ಅಂದರೆ ಹಾರ್ಟ್ಸ್, ಮಾವ!

ನಿನ್ನೆ ಬ್ರಿಡ್ಜ್ ಇಸ್ಪೀಟಾಟದಲ್ಲಿ ನಾನು ಹೇಳಿದ ಟೂ ಡೈಮಂಡ್ ನನಗಿನ್ನೂ ಅರಗಿಲ್ಲ.

ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆ. ತೋಟಕ್ಕೆ ಇಳಿಯುವ ಹಾಗಿಲ್ಲ, ಕರೆಂಟು ಬಂದರೆ ಬಂತು. ಸಂಜೆ ಕ್ಲಬ್ಬಿಗೆ ಹೋಗಿ ಬ್ರಿಡ್ಜ್ ಆಡದೆ ಇನ್ನೇನು ಮಾಡುವುದು? ನನ್ನ ಪಾರ್ಟ್‌ನರ್ ಹೆಂಡತಿಯ ಸೋದರಮಾವ, ನಿವೃತ್ತ ಮೇಜರ್. ಎಲೆ ಜೋಡಿಸಿಕೊಂಡವರೇ 'ವನ್ ನೋಟ್ರಂಪ್' ಎಂದು ತುರುಪಿಲ್ಲದ ಆಟಕ್ಕೆ ಬಿಡ್ ಕೂಗಿದರು. ಅಂದರೆ ನಾಲ್ಕೂ ಬಣ್ಣದ ಎಲೆಗಳು ಸಮತೂಕ, 15ರಿಂದ 17 ಪಾಯಿಂಟು. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ಈ ಲೆಕ್ಕವನ್ನು ಮಾವ ಬೆರಳು ಮಡಚಿಯೇ ಮಾಡುವುದರಿಂದ ಎದುರಾಳಿಗಳಿಗೂ ಅನುಕೂಲ.

ನನ್ನಲ್ಲಿ ರಾಜ-ರಾಣಿ ಸಮೇತ ಐದು ಹಾರ್ಟ್ಸ್, ಒಟ್ಟು 10 ಪಾಯಿಂಟು. ಇಬ್ಬರದೂ ಸೇರಿದರೆ ಗೇಮ್, ಅಂದರೆ ದೊಡ್ಡ ಬೋನಸ್ ಸಿಗುವ ಬಿಡ್, ಗ್ಯಾರಂಟಿ. ಐದು ಹಾರ್ಟ್ಸ್ ಇದ್ದವನು ಇಲ್ಲಿ 'ಟೂ ಡೈಮಂಡ್' ಅನ್ನಬೇಕು, ಪಾರ್ಟ್‌ನರ್ ಮರುಮಾತಿಲ್ಲದೆ 'ಟೂ ಹಾರ್ಟ್ಸ್' ಅನ್ನಬೇಕು. ಅಮೆರಿಕದ ಆಟಗಾರ ಓಸ್ವಾಲ್ಡ್ ಜಾಕೊಬಿ 1956ರಲ್ಲೇ ಬರೆದು ಜನಪ್ರಿಯ ಮಾಡಿದ ಪದ್ಧತಿ ಇದು. ತುರುಪಿನ ಬಣ್ಣ ಮೊದಲು ಹೇಳಿದವನೇ ಆಡಬೇಕು, ಅವನ ಜೊತೆಗಾರ ಎಲೆಗಳನ್ನು ತೆರೆದಿಡಬೇಕು; ಹಾಗಾಗಿ ಬಲವಾದ ಕೈಯೇ ಆಡಲಿ, ಅದರ ಎಲೆ ಯಾರಿಗೂ ಕಾಣದಿರಲಿ ಅಂತ ಉಪಾಯ. ಆಟಕ್ಕೆ ಕೂರುವ ಮೊದಲೇ ಮಾವನಿಗೆ ಕೇಳಿದ್ದೆ. "ಗೊತ್ತು ಮಾರಾಯ, ನಂಗೆ ಹೇಳಿಕೊಡ್ತೀಯಾ?" ಅಂದಿದ್ದರು.

'ಟೂ ಡೈಮಂಡ್' ಅಂದೆ.

ಮಾವ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಎಲೆಗಳನ್ನು ಇನ್ನೊಮ್ಮೆ ನೋಡಿದರು. ಮುಖದಲ್ಲಿ ಸಣ್ಣ ನಗು.

"ಪಾಸ್."

ಸೇನೆಯಲ್ಲಿ ಅಷ್ಟು ವರ್ಷ ಮೇಲಿನವರು ಹೇಳಿದ್ದನ್ನೆಲ್ಲ ಮಾಡಿದ ಮನುಷ್ಯ ಜಾಕೊಬಿಯ ಒಂದು ಆರ್ಡರ್ ಪಾಲಿಸಲಿಲ್ಲ! ಟೂ ಡೈಮಂಡೇ ಖಾಯಂ ಆಯ್ತು. ಡೈಮಂಡ್ ಹೇಳಿದವನು ನಾನೇ ಆದ್ದರಿಂದ ಆಡಬೇಕಾದವನೂ ನಾನೇ. ಮಾವ ಡಮ್ಮಿ, ಎಲೆ ತೆರೆದಿಟ್ಟು ಸುಮ್ಮನಿರುವವರು. ಎಲೆಗಳನ್ನು ಪೆರೇಡಿಗೆ ನಿಲ್ಲಿಸಿದ ಹಾಗೆ ಸಾಲು ಹಿಡಿಸಿ, ವಕ್ರವಾಗಿದ್ದ ಒಂದನ್ನು ಬೆರಳಿನಿಂದ ನೇರ ಮಾಡಿ ಮೇಜಿನ ಮೇಲೆ ಇಟ್ಟರು. ಎಕ್ಕ ಸಮೇತ ನಾಲ್ಕು ಹಾರ್ಟ್ಸ್! ನನ್ನ ಐದೂ ಸೇರಿದರೆ ಒಂಬತ್ತು. ತುರುಪು ಆಗಬೇಕಿದ್ದದ್ದು ಅದು. ಆಗಿರುವುದು ಡೈಮಂಡ್: ಅವರಲ್ಲಿ ಮೂರು, ನನ್ನಲ್ಲಿ ಎರಡು, ಉಳಿದ ಎಂಟು ಎದುರಾಳಿಗಳ ಕೈಯಲ್ಲಿ.

"ನಿಂಗೂ ಡೈಮಂಡ್ ಬೇಕಂತೆ, ನನ್ನತ್ರ ಎಕ್ಕ-ರಾಜ ಉಂಟು. ಮತ್ತೆಂಥ ಬೇಕು ಮಾರಾಯ?" ಎಂದು ಎದ್ದು ಹೋಗಿ ಪೋರ್ಕ್ ಫ್ರೈಗೆ ಹೇಳಿದರು. ನನ್ನ ಹಾರ್ಟ್ಸ್ ರಾಜನನ್ನು ಎದುರಾಳಿ ಜುಜುಬಿ ಡೈಮಂಡ್ ದುರಿಯಲ್ಲಿ ಹೊಡೆಯುತ್ತಿದ್ದಾಗ ಆಚೆ ಮೇಜಿನಿಂದ ಕೂಗಿ ಕೇಳಿದರು: "ಎಷ್ಟಾಯ್ತು?"

ಎರಡು ಡೌನ್ ಆಯ್ತು, ಹೇಳಿದ್ದಕ್ಕಿಂತ ಎರಡು ಸುತ್ತು ಕಡಿಮೆ ಗೆದ್ದೆ. ಬಾಯಿಗೆ ಫ್ರೈ ಹಾಕಿಕೊಳ್ಳುತ್ತಲೇ ಮಾವ ತೀರ್ಪು ಕೊಟ್ಟರು: "ಬರೇ ಎರಡು ಡೈಮಂಡ್ ಇಟ್ಕೊಂಡು ಡೈಮಂಡ್ ಯಾಕೆ ಹೇಳಿದ್ದು ನೀನು?"

ಪಾರ್ಟ್‌ನರ್ ಬದಲಾಯಿಸು ಅನ್ನುತ್ತಾಳೆ ಹೆಂಡತಿ. ಯಾರನ್ನು ತರುವುದು? ಒಂದು ಕಾಲಕ್ಕೆ ಕ್ಲಬ್ಬಿನ ಇದೇ ಹಾಲ್‌ನಲ್ಲಿ ಎರಡು ಮೇಜು ತುಂಬಿ, ನಿಂತು ನೋಡುವವರೂ ಇರುತ್ತಿದ್ದರು. ಹಿರಿಯರು ಒಬ್ಬೊಬ್ಬರೇ ಹೋದರು, ಹುಡುಗರು ಬೆಂಗಳೂರು ಸೇರಿದರು. ಈಗ ನಾಲ್ಕನೆಯವರು ಬರುವ ತನಕ ಮೂವರೂ ಬಾಗಿಲು ನೋಡುತ್ತಾ ಕೂರುತ್ತೇವೆ. ಎಂಥ ಮಳೆಗೂ ತಪ್ಪದೆ ಜೀಪು ತೆಗೆದುಕೊಂಡು ಬರುವವರು ಮಾವ ಒಬ್ಬರೇ.

ಇವತ್ತು ಬೆಳಿಗ್ಗೆ ಅವರದೇ ಫೋನು. ಸಂಜೆ ಬೇಗ ಬಾ, ರಾತ್ರಿಯಿಡೀ ಕೂತು, ಪಾರ್ಟ್‌ನರ್ ಕೈಯಲ್ಲಿ ಎಷ್ಟು ಎಕ್ಕ ಇವೆ ಎಂದು ಕೇಳುವ ಬ್ಲ್ಯಾಕ್‌ವುಡ್ ಕಲಿತಿದ್ದೇನೆ, ಇನ್ನು ನಾವು ಹದಿಮೂರು ಸುತ್ತಿನಲ್ಲಿ ಹನ್ನೆರಡಾದರೂ ಗೆಲ್ಲುವ ಸ್ಲ್ಯಾಮೇ ಆಡುವುದು ಅಂದರು.