ಮೊದಲು ಕೆಲಸ ತೋರಿಸು, ಆಮೇಲೆ ಮಗುವಿಗೆ ಜಾಗ

ನನ್ನ ಮಗಳು ಹೋಗುವ ಡೇಕೇರ್‌ನ ಬಾಗಿಲ ಪಕ್ಕ ಒಂದು ಗೋಡೆ ಗಡಿಯಾರವಿದೆ, ಅದರ ಕೆಳಗೆ ಒಂದು ರಿಜಿಸ್ಟರ್. ಸಂಜೆ 6 ದಾಟಿದರೆ ನಿಮಿಷಕ್ಕೆ 1 ಡಾಲರ್ ದಂಡ. 5:55ಕ್ಕೆಲ್ಲ ಪಾರ್ಕಿಂಗ್ ಜಾಗದಲ್ಲಿ ಅಪ್ಪ ಅಮ್ಮಂದಿರ ಓಟ ಶುರು. ನಾನೂ ಬೇಕಾದಷ್ಟು ಸಲ ಓಡಿದ್ದೇನೆ. ಒಂದು ಸಂಜೆ ಸೂಪರ್‌ಮಾರ್ಕೆಟ್ ಯೂನಿಫಾರಂನಲ್ಲೇ ಇದ್ದ ಒಬ್ಬಳು ತಾಯಿ 6:11ಕ್ಕೆ ಬಂದಳು. ರಿಜಿಸ್ಟರ್‌ಗೆ ಸಹಿ ಹಾಕಿ, ಮಗನ ಬ್ಯಾಗಿಗೆ ನೀರಿನ ಬಾಟಲಿ ತುರುಕುತ್ತಾ, "ಗಂಟೆಗೆ 13 ಡಾಲರ್ ನನ್ನ ಸಂಬಳ. ಇವತ್ತಿನ ಕೊನೇ ಗಂಟೆ ಇಲ್ಲೇ ಕೊಟ್ಟು ಹೋಗ್ತಿದ್ದೀನಿ" ಅಂದು ನಕ್ಕಳು.

ಎರಡು ತಿಂಗಳಾದ ಮೇಲೆ ಆ ಹುಡುಗ ಬರುವುದು ನಿಂತುಹೋಯಿತು. ಆಮೇಲೆ ಒಂದು ದಿನ ಅವಳೇ ಅಂಗಡಿಯಲ್ಲಿ ಸಿಕ್ಕಳು. ಸರ್ಕಾರದ ಸಹಾಯಧನಕ್ಕೆ ಅರ್ಜಿ ಹಾಕಿದ್ದಾಳೆ, ಇನ್ನೂ ಸರತಿಯಲ್ಲಿದ್ದಾಳೆ. ಅಲ್ಲಿಯವರೆಗೆ ಮಗ ಪಕ್ಕದ ಮನೆಯ ಮುದುಕಿಯ ಹತ್ತಿರ, ಇನ್ನೂ ನಾಲ್ಕು ಮಕ್ಕಳ ಜೊತೆ, ಟೀವಿ ಮುಂದೆ.

ನಾನಿರುವುದು ಟೆಕ್ಸಸ್‌ನ ರೌಂಡ್ ರಾಕ್‌ನಲ್ಲಿ, ಆಸ್ಟಿನ್‌ನ ಪಕ್ಕ. ಈ ರಾಜ್ಯದಲ್ಲಿ ಅವಳ ಹಾಗೆ ಸರತಿಯಲ್ಲಿರುವ ಮಕ್ಕಳು ಹತ್ತಾರು ಸಾವಿರ. ಒಂದು ವಿಷಯ ಗೊತ್ತಾದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು: ಈ ಸಹಾಯಧನವನ್ನು ನೋಡಿಕೊಳ್ಳುವುದು ಮಕ್ಕಳ ಇಲಾಖೆ ಅಲ್ಲ, ಕೆಲಸ ಕೊಡಿಸುವ ವರ್ಕ್‌ಫೋರ್ಸ್ ಕಮಿಷನ್. ಅಂದರೆ ಇಲ್ಲಿ ಮೊದಲು ಕೇಳುವುದು ಮಗುವಿನ ವಯಸ್ಸಲ್ಲ, ತಾಯಿ ವಾರಕ್ಕೆ ಎಷ್ಟು ಗಂಟೆ ದುಡಿಯುತ್ತಾಳೆ ಅಂತ. ಮಗುವನ್ನು ಬಿಡೋಕೆ ಜಾಗ ಇಲ್ಲದೆ ಕೆಲಸಕ್ಕೆ ಹೋಗುವುದು ಹೇಗೆ? ಕೆಲಸ ಇಲ್ಲದೆ ಜಾಗ ಸಿಗುವುದು ಹೇಗೆ?

ನಮ್ಮೂರು ಟಿ. ನರಸೀಪುರ ತಾಲ್ಲೂಕು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಿಂದ ಆರಿಸಿದ್ದು ನಮ್ಮ ತಾಲ್ಲೂಕನ್ನೇ. ನಾನೂ ಅಲ್ಲೇ ಕೂತು ಹಾಡು ಹೇಳಿದವನು. ನಮ್ಮಮ್ಮ ಗದ್ದೆಗೆ ಹೋಗುವಾಗ ದಾರಿಯಲ್ಲಿ ನನ್ನನ್ನು ಬಿಟ್ಟು ಹೋಗುತ್ತಿದ್ದಳು. ಕೂಲಿ ಚೀಟಿ ತೋರಿಸು ಅಂತ ಮಿಸ್ ಒಂದು ದಿನವೂ ಕೇಳಲಿಲ್ಲ. ಕೂಲಿ ಸಿಗದ ದಿನವೂ ನಾನು ಹೋಗುತ್ತಿದ್ದೆ, ಕಾಳಿನ ಉಸಲಿಗಾಗಿ.

ಹಾಗಂತ ನಮ್ಮೂರಿನದೇ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಜಾಸ್ತಿ ಅಂಗನವಾಡಿಗಳಿವೆ. ಆದರೆ ಅಲ್ಲಿ ದುಡಿಯುವವರಿಗೆ ಕೊಡುವುದಕ್ಕೆ ಸಂಬಳ ಅಂತ ಹೆಸರೇ ಇಲ್ಲ, "ಗೌರವಧನ" ಅಂತಾರೆ. ಅದನ್ನು ಜಾಸ್ತಿ ಮಾಡಿ ಅಂತ ಅವರು ಮತ್ತೆ ಮತ್ತೆ ಫ್ರೀಡಂ ಪಾರ್ಕ್‌ಗೆ ಬಂದು ಕೂರಬೇಕು. ಮಕ್ಕಳ ತೂಕ ನೋಡುವವರೂ ಅವರೇ, ಸರ್ವೆಗೆ ಮನೆ ಮನೆ ಸುತ್ತುವವರೂ ಅವರೇ, ಮೊಬೈಲಿನಲ್ಲಿ ಲೆಕ್ಕ ತುಂಬುವವರೂ ಅವರೇ. ಮೂರು ವರ್ಷದೊಳಗಿನ ಕೂಸನ್ನು ಎಲ್ಲಿ ಬಿಡುವುದು ಅನ್ನುವ ಪ್ರಶ್ನೆ ಹಾಗೇ ಇತ್ತು. 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ಮಾಡುತ್ತೇವೆ ಅಂತ ಸರ್ಕಾರ ಹೇಳಿದ್ದು ಅದಕ್ಕೇ. ಕೊರತೆ ನೂರು ಇರಬಹುದು. ಆದರೆ ಮಗುವಿನ ಊಟವನ್ನು ತಾಯಿಯ ಹಾಜರಿ ಪುಸ್ತಕಕ್ಕೆ ಗಂಟು ಹಾಕಿಲ್ಲ, ಅಷ್ಟು ಮಾತ್ರ ಸರಿಯಾಗಿದೆ.

ಅಮೆರಿಕಕ್ಕೆ ಇದು ಹೊಳೆದಿರಲಿಲ್ಲ ಅಂತೇನಿಲ್ಲ. 1971ರಲ್ಲೇ, ಅಂದರೆ ನಮ್ಮ ಅಂಗನವಾಡಿಗೂ ನಾಲ್ಕು ವರ್ಷ ಮೊದಲು, ದೇಶದ ಉದ್ದಗಲಕ್ಕೂ ಶಿಶುಪಾಲನಾ ಕೇಂದ್ರ ತೆರೆಯುವ ಮಸೂದೆ ಇಲ್ಲಿನ ಸಂಸತ್ತಿನಲ್ಲಿ ಪಾಸಾಗಿತ್ತು. ಅಧ್ಯಕ್ಷ ನಿಕ್ಸನ್ ಅದನ್ನು ವೀಟೋ ಮಾಡಿದರು. 1996ರಲ್ಲಿ ಕ್ಲಿಂಟನ್ ಸಹಿ ಹಾಕಿದ ಕಾನೂನು ಬಡ ಕುಟುಂಬಗಳ ನಗದು ನೆರವಿಗೆ ಜೀವಮಾನದಲ್ಲಿ 60 ತಿಂಗಳ ಮಿತಿ ಹಾಕಿತು, ಕೆಲಸದ ಷರತ್ತು ಬಿಗಿ ಮಾಡಿತು. ಒಂಟಿ ತಾಯಿಗೆ ಆರು ವರ್ಷದೊಳಗಿನ ಮಗುವಿದ್ದರೂ ವಾರಕ್ಕೆ 20 ಗಂಟೆಯ ಲೆಕ್ಕ ಬೇಕು. ಟ್ಯಾನ್ಫ್ ಅನ್ನುವ ಆ ಯೋಜನೆಗೆ ಕೇಂದ್ರ ಕೊಡುವ ಹಣ ಆಗ ವರ್ಷಕ್ಕೆ ಸುಮಾರು 1,650 ಕೋಟಿ ಡಾಲರ್. ಈಗಲೂ ಹೆಚ್ಚುಕಮ್ಮಿ ಅಷ್ಟೇ. ಹಾಲು, ಬಾಡಿಗೆ, ಡೈಪರ್ ಎಲ್ಲದರ ಬೆಲೆ ಏರಿತು, ಇದು ಮಾತ್ರ ಅಲ್ಲಾಡಲಿಲ್ಲ. 1996ರಲ್ಲಿ ಮಕ್ಕಳಿರುವ 100 ಬಡ ಕುಟುಂಬಗಳಲ್ಲಿ 68ಕ್ಕೆ ನಗದು ಸಿಗುತ್ತಿತ್ತು. 2020ರ ಹೊತ್ತಿಗೆ 21ಕ್ಕೆ ಇಳಿದಿತ್ತು.

ಆ ಹಣ ಎಲ್ಲಿ ಹೋಗುತ್ತದೆ? ಹೇಗೆ ಖರ್ಚು ಮಾಡಬೇಕು ಅನ್ನುವುದನ್ನು ಬಹಳ ಮಟ್ಟಿಗೆ ರಾಜ್ಯಗಳಿಗೇ ಬಿಟ್ಟಿದ್ದಾರೆ. ಮಿಸಿಸಿಪ್ಪಿಯಲ್ಲಿ ಬಡವರ ಪಾಲಿನ 50 ಲಕ್ಷ ಡಾಲರ್ ಒಂದು ವಿಶ್ವವಿದ್ಯಾಲಯದ ವಾಲಿಬಾಲ್ ಅಂಗಣಕ್ಕೆ ಹೋಗಿದ್ದು ದೊಡ್ಡ ಹಗರಣವಾಯಿತು. ನಮ್ಮ ಟೆಕ್ಸಸ್‌ನದು ಹಗರಣ ಅಲ್ಲ, ಕಾನೂನು ಪ್ರಕಾರವೇ ನಡೆಯುವುದು. ಇಲ್ಲಿ ಆ ಹಣದ ದೊಡ್ಡ ಪಾಲು ಹೋಗುವುದು ಮನೆಯಿಂದ ಬೇರೆ ಮಾಡಿದ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಗೆ. ಆ ಮಕ್ಕಳಿಗೂ ದುಡ್ಡು ಬೇಕು, ಇಲ್ಲ ಅನ್ನಲ್ಲ. ಆದರೆ ಅದೇ ಮಗು ತಾಯಿಯ ಹತ್ತಿರವೇ ಇದ್ದಾಗ, ಬೇರೆ ಆದಾಯವೇ ಇಲ್ಲದ ಮೂರು ಜನರ ಮನೆಗೆ ತಿಂಗಳಿಗೆ 400 ಡಾಲರೂ ಮುಟ್ಟುವುದಿಲ್ಲ.

ಕೈಗೆ ದುಡ್ಡು ಕೊಟ್ಟರೆ ಏನಾಗುತ್ತದೆ ಅಂತ ಈ ದೇಶ ಒಮ್ಮೆ ನೋಡಿಯೂ ಇದೆ. 2021ರ ಜುಲೈಯಿಂದ ಡಿಸೆಂಬರ್‌ವರೆಗೆ ಆರು ವರ್ಷದೊಳಗಿನ ಮಗುವಿಗೆ ತಿಂಗಳಿಗೆ 300 ಡಾಲರ್, ದೊಡ್ಡ ಮಕ್ಕಳಿಗೆ 250 ಡಾಲರ್ ಬಂತು. ದುಡಿಮೆಯೇ ಇಲ್ಲದ ಮನೆಗೂ ಬಂತು. ಆ ವರ್ಷ ಮಕ್ಕಳ ಬಡತನ ಶೇ. 5.2ಕ್ಕೆ ಇಳಿಯಿತು. ಕೊಡುವುದು ನಿಂತ ಮೇಲೆ, 2022ರಲ್ಲಿ, ಶೇ. 12.4.

ಇದನ್ನೆಲ್ಲ ನಮ್ಮ ಕನ್ನಡ ಕೂಟದ ಪಿಕ್‌ನಿಕ್‌ನಲ್ಲಿ ಹೇಳಿದರೆ, "ಅಯ್ಯೋ, ಇವರಿಗೆಲ್ಲ ಬಿಟ್ಟಿ ಕೊಟ್ಟು ಕೊಟ್ಟೇ ಹಾಳು ಮಾಡೋದು" ಅನ್ನುವವರು ಇದ್ದೇ ಇರುತ್ತಾರೆ. ಗೃಹಲಕ್ಷ್ಮಿಯ 2,000 ರೂಪಾಯಿಗೂ ಇವರದು ಇದೇ ಮಾತು. ಅವರಿಗೆ ನಾನು ನೆನಪು ಮಾಡುವುದು ಒಂದೇ: ನಮ್ಮಗಳ ಮಕ್ಕಳನ್ನು ಸಾಕಿದ್ದು ಯಾರು? ಅಜ್ಜಿಯರು ತಾನೇ? ವಿಸಿಟರ್ ವೀಸಾದಲ್ಲಿ ಆರು ತಿಂಗಳು ಹೆಂಡತಿಯ ಅಮ್ಮ, ಅವರು ಹೊರಟರೆ ನಮ್ಮಮ್ಮ, ಹಪ್ಪಳ ಚಟ್ನಿಪುಡಿ ಸಮೇತ. ನಮ್ಮ ಮನೆಯ ಶಿಶುಪಾಲನಾ ನೀತಿ ನಡೆದಿದ್ದು ವಿಮಾನದ ಟಿಕೆಟ್ ಮೇಲೆ. ಗಂಟೆಗೆ 13 ಡಾಲರ್ ದುಡಿಯುವವಳಿಗೆ ಆ ಅನುಕೂಲ ಇಲ್ಲ. ಅವಳ ಅಮ್ಮನೂ ಎಲ್ಲೋ ಕೌಂಟರ್ ಹಿಂದೆ ನಿಂತು ದುಡಿಯುತ್ತಿದ್ದಾಳೆ.

ದುಡ್ಡಿಲ್ಲ ಅಂತ ಟೆಕ್ಸಸ್ ಹೇಳುವ ಹಾಗಿಲ್ಲ. ಪರ್ಮಿಯನ್ ತೈಲ ನೆಲ ನಮ್ಮಲ್ಲೂ ಇದೆ, ಪಕ್ಕದ ನ್ಯೂ ಮೆಕ್ಸಿಕೊದಲ್ಲೂ ಇದೆ. ತೈಲದ ದುಡ್ಡಿನಿಂದ ಬೆಳೆದ ನಿಧಿಯ ಒಂದು ಪಾಲು ಪುಟ್ಟ ಮಕ್ಕಳಿಗೂ ಹೋಗಲಿ ಅಂತ ಅವರು 2022ರಲ್ಲಿ ಓಟು ಹಾಕಿ ತೀರ್ಮಾನಿಸಿದರು. 2025ರ ನವೆಂಬರ್‌ನಿಂದ ಅಲ್ಲಿ ಆದಾಯ ಎಷ್ಟೇ ಇರಲಿ, ಉಚಿತ ಶಿಶುಪಾಲನೆ. ಅಷ್ಟು ದೂರವೂ ಬೇಡ. ಆಸ್ಟಿನ್ ಇರುವ ಟ್ರಾವಿಸ್ ಕೌಂಟಿಯ ಜನ 2024ರ ನವೆಂಬರ್‌ನಲ್ಲಿ ಇದಕ್ಕಾಗಿಯೇ ತಮ್ಮ ಆಸ್ತಿ ತೆರಿಗೆ ಏರಿಸಿಕೊಳ್ಳಲು ಒಪ್ಪಿದರು. ರೌಂಡ್ ರಾಕ್‌ನ ಬಹುಪಾಲು ಬರುವುದು ವಿಲಿಯಮ್ಸನ್ ಕೌಂಟಿಗೆ. ಹಾಗಾಗಿ ಆ ಹುಡುಗನ ಅದೃಷ್ಟ ಕೌಂಟಿ ಗೆರೆಯ ಯಾವ ಕಡೆ ಮನೆ ಇದೆ ಅನ್ನುವುದರ ಮೇಲೆ ನಿಂತಿದೆ.

ಟೆಕ್ಸಸ್ ಶಾಸನಸಭೆಯ ಮಾಮೂಲಿ ಅಧಿವೇಶನ ಎರಡು ವರ್ಷಕ್ಕೊಮ್ಮೆ, 140 ದಿನ. ಮುಂದಿನದು 2027ರ ಜನವರಿಗೆ. ಶಾಸಕರಿಗೆ ನನ್ನ ಬೇಡಿಕೆ ಇಷ್ಟು. ಸರತಿಯಲ್ಲಿರುವ ಮಕ್ಕಳನ್ನು ಒಳಗೆ ತೆಗೆದುಕೊಳ್ಳುವಷ್ಟು ಹಣವನ್ನು ರಾಜ್ಯದ ಬೊಕ್ಕಸದಿಂದಲೇ ಇಡಿ. ಟ್ಯಾನ್ಫ್ ಹಣದಲ್ಲಿ ಇಷ್ಟು ಪಾಲು ನೇರವಾಗಿ ತಾಯಂದಿರ ಕೈಗೆ ಮತ್ತು ಶಿಶುಪಾಲನೆಗೇ ಹೋಗಬೇಕು ಅಂತ ಕಾನೂನಿನಲ್ಲೇ ಬರೆಯಿರಿ. ಮತ್ತೆ, ಮಗುವಿಗೆ ಜಾಗ ಮೊದಲು, ತಾಯಿಯ ಕೆಲಸದ ಲೆಕ್ಕ ಆಮೇಲೆ.

ನನ್ನದು ಗ್ರೀನ್ ಕಾರ್ಡ್, ಓಟಿಲ್ಲ. ಆದರೆ ಸಮಿತಿಗಳ ಮುಂದೆ ಮಾತಾಡೋಕೆ ಓಟು ಬೇಕಾಗಿಲ್ಲ, ಹೆಸರು ಬರೆಸಿದರೆ ಎರಡು ಮೂರು ನಿಮಿಷ ಮೈಕ್ ಕೊಡುತ್ತಾರೆ. ಕಳೆದ ಭಾನುವಾರ ಅಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಅಪ್ಪ ಓದಿದ ಕಾಲದಲ್ಲಿ ಸರ್ಕಾರಿ ಶಾಲೆಯಲ್ಲಿ ಕೊಡುತ್ತಿದ್ದದ್ದು "ಕೇರ್ ಉಪ್ಪಿಟ್ಟು", ಅಮೆರಿಕದಿಂದ ಬಂದ ಹಳದಿ ಹಿಟ್ಟಿನದು.

"ಅಲ್ಲಿ ಹೋಗಿ ಏನಂತ ಹೇಳ್ತೀಯಪ್ಪ?" ಅಂದರು.

"ಮೊದಲು ನಿಮ್ಮ ಉಪ್ಪಿಟ್ಟಿನ ವಿಷಯ ಹೇಳ್ತೀನಿ" ಅಂದೆ.

"ಅದು ಚೆನ್ನಾಗಿರ್ತಿತ್ತು ಕಣೋ, ಅದನ್ನೂ ಹೇಳು" ಅಂದರು.