ಸೋತ ಆಟದ ಮಾತು

ಕಳೆದ ಮೇ ತಿಂಗಳ ಒಂದು ಸಂಜೆ ಪಕ್ಕದ ಮನೆಯ ಹಿರಿಯರಿಗೆ ನಿಪ್ಪಟ್ಟು ಕೊಟ್ಟು ಬರೋಣವೆಂದು ಹೋದವನು ಎರಡು ಗಂಟೆ ಅವರ ಮೆಟ್ಟಿಲ ಮೇಲೇ ಕೂತುಬಿಟ್ಟೆ. ನಾನು ಬಾಸ್ಟನ್‌ಗೆ ಬಂದು ಹದಿನಾಲ್ಕು ವರ್ಷವಾಯಿತು. ಅವರು ಇಷ್ಟು ಮಾತಾಡಿದ್ದನ್ನು ಕೇಳಿದ್ದು ಅದೇ ಮೊದಲು. ಬಾಸ್ಕೆಟ್‌ಬಾಲ್ ಪ್ಲೇಆಫ್ ನಡೆಯುತ್ತಿದ್ದ ದಿನಗಳು. ನೀವು ನೋಡಿದ್ದರಲ್ಲಿ ಮರೆಯಲಾಗದ ಆಟ ಯಾವುದು ಅಂತ ಸುಮ್ಮನೆ ಕೇಳಿದೆ. ಯೋಚನೆ ಮಾಡಲೇ ಇಲ್ಲ. "1976, ಜೂನ್ 4" ಅಂದರು. ಆಗ ಹದಿನೆಂಟರ ಹುಡುಗ, ಅಪ್ಪನ ಜೊತೆ ಹಳೇ ಬಾಸ್ಟನ್ ಗಾರ್ಡನ್ ಕ್ರೀಡಾಂಗಣದ ಮೇಲಿನ ಸಾಲಿನಲ್ಲಿ ಕೂತಿದ್ದರಂತೆ.

ಅಮೆರಿಕದ ಎನ್‌ಬಿಎ ಲೀಗ್‌ನ ಫೈನಲ್ಸ್ ಅಂದರೆ ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಟ್ರೋಫಿ. ಅದರ ಐದನೇ ಪಂದ್ಯ. ಬಾಸ್ಟನ್‌ನ ತಂಡ ಸೆಲ್ಟಿಕ್ಸ್ ಮತ್ತು ಫೀನಿಕ್ಸ್ ಸನ್ಸ್ ಎರಡೆರಡು ಪಂದ್ಯ ಗೆದ್ದು ಸಮನಾಗಿದ್ದವು. ಮೊದಲರ್ಧದಲ್ಲಿ ಇಪ್ಪತ್ತು ಅಂಕಕ್ಕೂ ಹೆಚ್ಚು ಮುಂದಿದ್ದ ಸೆಲ್ಟಿಕ್ಸ್ ಅಷ್ಟನ್ನೂ ಕೈಬಿಟ್ಟು, ಆಟ 95-95ಕ್ಕೆ ನಿಂತಿತು. ಸಮವಾದರೆ ಆಡಿಸುವ ಹೆಚ್ಚುವರಿ ಐದು ನಿಮಿಷ, ಅಂದರೆ ಒಂದು ಓವರ್‌ಟೈಮ್ ಮುಗಿಯಿತು, ಆಗಲೂ ಸಮ. ಎರಡನೆಯದರ ಕೊನೆಯ ಕ್ಷಣದಲ್ಲಿ, ಪಾದದ ನೋವಿನಲ್ಲೇ ಆಡುತ್ತಿದ್ದ ಸೆಲ್ಟಿಕ್ಸ್‌ನ ಜಾನ್ ಹ್ಯಾವ್ಲಿಚೆಕ್ ಓಡುತ್ತಲೇ ಎಸೆದ ಚೆಂಡು ಹಲಗೆಗೆ ಬಡಿದು ಒಳಗೆ ಬಿತ್ತು. 111-110. ಗೆದ್ದೆವೆಂದು ಜನ ಅಂಕಣಕ್ಕೆ ನುಗ್ಗಿದರು. ಆದರೆ ಆಟ ಮುಗಿದಿರಲಿಲ್ಲ. ಗಡಿಯಾರಕ್ಕೆ ಒಂದು ಸೆಕೆಂಡ್ ವಾಪಸ್ ಹಾಕಿದರು.

ಇಲ್ಲಿಂದ ಮುಂದಕ್ಕೆ ಆ ಹಿರಿಯರು ಎದ್ದು ನಿಂತು ಕೈ ತೋರಿಸಿ ಹೇಳಿದರು. ಒಂದು ಸೆಕೆಂಡಿನಲ್ಲಿ 94 ಅಡಿಯ ಅಂಕಣದ ಆ ತುದಿಯಿಂದ ಈ ತುದಿಗೆ ಚೆಂಡು ತಂದು ಬುಟ್ಟಿಗೆ ಹಾಕುವುದು ಆಗುವ ಮಾತಲ್ಲ. ಟೈಮ್‌ಔಟ್, ಅಂದರೆ ತಂಡ ಕೇಳಿ ಪಡೆಯುವ ವಿರಾಮ, ಇದ್ದರೆ ನಡುಗೆರೆಯಿಂದ ಚೆಂಡು ಸಿಗುತ್ತದೆ. ಫೀನಿಕ್ಸ್ ಬಳಿ ಟೈಮ್‌ಔಟ್ ಉಳಿದಿರಲಿಲ್ಲ. ಅವರ ಪಾಲ್ ವೆಸ್ಟ್‌ಫಾಲ್ ಗೊತ್ತಿದ್ದೂ ಟೈಮ್‌ಔಟ್ ಕೇಳಿಬಿಟ್ಟ. ಅದಕ್ಕೆ ಶಿಕ್ಷೆ ಟೆಕ್ನಿಕಲ್ ಫೌಲ್, ಎದುರಾಳಿಗೆ ಒಂದು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದ ಒಂದು ಅಂಕದ ಎಸೆತ. ಜೋಜೋ ವೈಟ್ ಅದನ್ನು ಹಾಕಿದ, 112-110. ಆದರೆ ನಿಯಮದ ಪ್ರಕಾರ ಚೆಂಡು ಈಗ ನಡುಗೆರೆಯಲ್ಲಿ ಫೀನಿಕ್ಸ್ ಕೈಗೆ. ಒಂದು ಅಂಕ ಕೊಟ್ಟು ಅರ್ಧ ಅಂಕಣ ಕೊಂಡುಕೊಂಡ ಬುದ್ಧಿ ಅದು. ಗಾರ್ ಹರ್ಡ್ ಚೆಂಡು ಹಿಡಿದು, ತಿರುಗಿ, ಛಾವಣಿಯ ಕಡೆಗೆ ಅನ್ನುವಷ್ಟು ಎತ್ತರಕ್ಕೆ ಎಸೆದ. ನೇರ ಬುಟ್ಟಿಯೊಳಕ್ಕೆ. ಮತ್ತೆ ಸಮ, ಮೂರನೇ ಓವರ್‌ಟೈಮ್. ಆ ಋತುವಿನ ನಂತರ ಲೀಗ್ ಆ ನಿಯಮವನ್ನೇ ಬದಲಿಸಿತು.

ಕೊನೆಗೆ ಬಾಸ್ಟನ್ 128-126ರಲ್ಲಿ ಗೆದ್ದಿತು, ಮುಂದಿನ ಪಂದ್ಯವನ್ನೂ ಗೆದ್ದು ಟ್ರೋಫಿ ತಂದಿತು. ಅದನ್ನು ಅವರು ಒಂದೇ ವಾಕ್ಯದಲ್ಲಿ ಮುಗಿಸಿದರು. ಕಾಲು ಗಂಟೆ ಹೇಳಿದ್ದು ಎದುರಾಳಿಯ ಆ ಎಸೆತವನ್ನು. "ಅಂಥದ್ದನ್ನು ಮತ್ತೆ ನೋಡಲಿಲ್ಲ" ಎಂದರು. ಆಮೇಲೆ 1987ಕ್ಕೆ ಬಂದರು. ಅದೇ ಗಾರ್ಡನ್‌ನಲ್ಲಿ ಲಾಸ್ ಏಂಜಲಿಸ್ ಲೇಕರ್ಸ್ ತಂಡದ ಮ್ಯಾಜಿಕ್ ಜಾನ್ಸನ್ ಕೊನೆಗಳಿಗೆಯಲ್ಲಿ ಹಾಕಿದ ಹುಕ್ ಶಾಟ್, 107-106, ಬಾಸ್ಟನ್ ಸೋತದ್ದು. ಸೋತ ಆಟವನ್ನೂ ಅದೇ ಕಣ್ಣಿನ ಹೊಳಪಿನಲ್ಲಿ, ಚೆಂಡು ಯಾರ ತಲೆಯ ಮೇಲಿಂದ ಹೋಯಿತು ಅನ್ನುವುದನ್ನೂ ಬಿಡದೆ ಹೇಳಿದರು. ಮುಗಿಸಿ, "ನಿಮ್ಮೂರಲ್ಲಿ ಇಂಥದ್ದು ಯಾವುದಿದೆ?" ಎಂದು ಕೇಳಿದರು.

ನನಗೆ ತಕ್ಷಣ ನೆನಪಾದದ್ದು ನಮ್ಮ ಮೈಸೂರು. 2010ರ ಜನವರಿ, ಗಂಗೋತ್ರಿ ಮೈದಾನ, ಮುಂಬೈ ಎದುರು ರಣಜಿ ಫೈನಲ್. ಮೊದಲ ಇನಿಂಗ್ಸ್‌ನಲ್ಲಿ 130ಕ್ಕೆ ಆಲೌಟಾದ ಕರ್ನಾಟಕ, 338ರ ಗುರಿ ಬೆನ್ನಟ್ಟಿ 331ರವರೆಗೆ ಹೋದದ್ದು. ಮನೀಶ್ ಪಾಂಡೆಯ 144. ಆರೇ ಆರು ರನ್ನು. ಆದರೆ ಅಷ್ಟು ಹೇಳಿ ನನ್ನ ಮಾತು ನಿಂತುಹೋಯಿತು. ಆಗ ನಾನು ಬೆಂಗಳೂರಿನಲ್ಲಿದ್ದೆ, ರಜೆ ಸಿಕ್ಕಿರಲಿಲ್ಲ. ಸರಸ್ವತೀಪುರಂನಲ್ಲಿರುವ ನನ್ನ ಸೋದರಮಾವ ಮಾತ್ರ ಒಂದು ದಿನವೂ ತಪ್ಪಿಸದೆ ಹೋಗಿದ್ದರು. ಮನೆಗೆ ಬಂದವನೇ ಅವರಿಗೆ ಫೋನ್ ಮಾಡಿದೆ.

"ಮಾವ, ಆ ರಣಜಿ ಫೈನಲ್ ನೋಡಿದ್ರಲ್ಲ, ಕೊನೇ ದಿನ ಹೆಂಗಿತ್ತು ಸ್ವಲ್ಪ ಹೇಳಿ."

"ಸೋತ ಮ್ಯಾಚಿನ ಪುರಾಣ ಯಾಕಪ್ಪ ಈಗ? ತಿಂಡಿ ಆಯ್ತಾ?"

ಅಷ್ಟೇ. ಮತ್ತೆರಡು ಸಲ ಕೇಳಿದೆ, ಮಾತು ಹಾರಿಸಿದರು. ನಿಜಕ್ಕೂ ಬೇಜಾರಾಯಿತು. ಆ ರಾತ್ರಿ ನಿದ್ದೆ ಬರದೆ ಯೋಚಿಸಿದ್ದು ಇದನ್ನೇ: ನಾವು ಯಾಕೆ ಹೀಗೆ? 1996ರ ಟೈಟನ್ ಕಪ್‌ನಲ್ಲಿ, ಚಿನ್ನಸ್ವಾಮಿಯಲ್ಲಿ, ಶ್ರೀನಾಥ್ ಮತ್ತು ಕುಂಬ್ಳೆ ಆಸ್ಟ್ರೇಲಿಯದ ಕೈಯಿಂದ ಪಂದ್ಯ ಕಿತ್ತುಕೊಂಡದ್ದನ್ನು, ಕುಂಬ್ಳೆಯವರ ತಾಯಿ ಸ್ಟ್ಯಾಂಡಿನಲ್ಲಿ ಕೂತು ಹುರಿದುಂಬಿಸಿದ್ದನ್ನು ನಮ್ಮಲ್ಲಿ ಹೇಳದ ಮನೆಯಿಲ್ಲ. ನಮ್ಮ ಮನೆಯಲ್ಲಂತೂ ತೆಂಡೂಲ್ಕರ್ ಔಟಾದ ಕೂಡಲೇ ಅಪ್ಪ ಟಿವಿ ಆರಿಸಿದ್ದರು. ಗೆದ್ದದ್ದು ಬೀದಿಯ ಪಟಾಕಿಯಿಂದ ಗೊತ್ತಾಯಿತು. ನೋಡದ ಆ ಆಟವನ್ನು ಅಪ್ಪ ಇವತ್ತಿಗೂ ನೋಡಿದವರಂತೆ ಹೇಳುತ್ತಾರೆ. ಕಣ್ಣಾರೆ ನೋಡಿದ ಆಟವನ್ನು ಮಾವ ಹೇಳುವುದಿಲ್ಲ, ಆರು ರನ್ ಕಡಿಮೆ ಬಿತ್ತು ಅಂತ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಕೆಲವು ಮನೆಗಳ ಬಾಗಿಲು ಹಾಕಿರುತ್ತಿತ್ತಲ್ಲ, ಹಾಗೆ ಅದನ್ನೂ ಮುಚ್ಚಿಟ್ಟುಬಿಡುತ್ತೇವೆ. ಹೀಗಾಗಿ 144 ಹೊಡೆದ ಹುಡುಗನ ಆಟ ನಮ್ಮ ಮಕ್ಕಳಿಗೆ ದಾಟುವುದೇ ಇಲ್ಲ. ಫೀನಿಕ್ಸ್‌ನಿಂದ ಬಂದ ಸಹೋದ್ಯೋಗಿಯೊಬ್ಬಳು ನನ್ನ ಆಫೀಸಿನಲ್ಲಿದ್ದಾಳೆ. ಹರ್ಡ್ ಹೆಸರೆತ್ತಿದರೆ ಸಾಕು, ಅವಳ ಮುಖ ಅರಳುತ್ತದೆ. ಅವಳು ಹುಟ್ಟುವ ಮೊದಲಿನ ಆಟ, ಅವಳ ಊರು ಸೋತ ಆಟ.

ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಹೇಳಲೇಬೇಕು. ಆಮೇಲೆ ಆ 1976ರ ಆಟದ ಪೂರ್ತಿ ವಿಡಿಯೊ ಹುಡುಕಿ ನೋಡಿದೆ. ಜನ ಅಂಕಣಕ್ಕೆ ನುಗ್ಗಿದಾಗ ಒಬ್ಬ ಅಭಿಮಾನಿ ರೆಫರಿ ರಿಚಿ ಪವರ್ಸ್ ಮೇಲೆ ಬಿದ್ದು ಹೊಡೆದಾಡಿದ್ದಾನೆ. ಮೇಲಿನ ಸಾಲಿಗೂ ಅದು ಕಾಣಿಸಿರಲೇಬೇಕು. ನಮ್ಮ ಹಿರಿಯರು ಆ ಮಾತೆತ್ತಲಿಲ್ಲ. ಸೋಲನ್ನು ಹೇಳಲು ಅಂಜದ ಊರು ನಾಚಿಕೆಯದನ್ನು ಬಿಟ್ಟು ಹೇಳುತ್ತದೆ. ಇನ್ನು ಇಲ್ಲಿಯ ನೆನಪಿನ ಬೆನ್ನಿಗೆ ಕ್ಯಾಮೆರಾ ಇದೆ, ಪ್ರತಿ ವರ್ಷ ಅದೇ ತುಣುಕುಗಳನ್ನು ಮತ್ತೆ ಮತ್ತೆ ತೋರಿಸುವವರಿದ್ದಾರೆ. ಯಾವಾಗಲೂ ಹೀಗಿತ್ತೆಂದೂ ಅಲ್ಲ. 1980ರ ಫೈನಲ್ಸ್‌ನ ಆರನೇ ಪಂದ್ಯದಲ್ಲಿ, ಗಾಯಗೊಂಡ ತನ್ನದೇ ತಂಡದ ಹಿರಿಯ ಆಟಗಾರ ಅಬ್ದುಲ್ ಜಬ್ಬಾರ್ ಜಾಗದಲ್ಲಿ ನಿಂತು ಇಪ್ಪತ್ತರ ಹುಡುಗ ಮ್ಯಾಜಿಕ್ 42 ಅಂಕ ಗಳಿಸಿದ್ದನ್ನು ಈ ದೇಶದ ಹೆಚ್ಚಿನ ಊರುಗಳಲ್ಲಿ ನೇರವಾಗಿ ತೋರಿಸಿರಲೇ ಇಲ್ಲ. ರಾತ್ರಿ ಹನ್ನೊಂದೂವರೆಗೆ ಟೇಪ್ ಹಾಕಿದ್ದರು.

ಆದರೂ ನನ್ನ ಬೇಜಾರು ಹೋಗಿರಲಿಲ್ಲ. ಹೋದ ತಿಂಗಳು ಮಾವ ಫೋನ್ ಮಾಡಿದ್ದರು. ಅತ್ತೆಯ ಮಂಡಿ ನೋವು, ಬೀದಿಗೆ ಹೊಸ ಟಾರು, ಅದೂ ಇದೂ ಆಯಿತು. ಇಡುವ ಮೊದಲು ಒಂದು ಗಳಿಗೆ ಸುಮ್ಮನಿದ್ದು ಹೇಳಿದರು: "ಆವತ್ತು ಕೇಳಿದ್ಯಲ್ಲ, ಆ ಮ್ಯಾಚು. ಮುಗಿದ ಮೇಲೆ ನಾನು ಮನೆಗೆ ನಡ್ಕೊಂಡೇ ಬಂದ್ಬಿಟ್ಟಿದ್ದೆ ಕಣಪ್ಪ. ಸ್ಕೂಟರ್ ಅಲ್ಲೇ ಮರದ ಕೆಳಗಿತ್ತು. ಮಾರನೇ ದಿನ ಬೆಳಿಗ್ಗೆ ಹೋಗಿ ತಂದೆ."