ಎಲ್ಲಿ ಹಾಕಲಿ, ಮಾವ?

ಕಳೆದ ಭಾನುವಾರ ಅಕ್ಕನ ಮನೆಗೆ ಹೋದಾಗ ಊಟದ ಮೇಜಿನ ಮೇಲೆ ಭಾವನವರ ಇಸ್ತ್ರಿ ಮಾಡಿದ ಬಿಳಿ ಪಂಚೆ ಹಾಸಿತ್ತು. ಪಂಚೆಯ ನಟ್ಟನಡುವೆ ಒಂದು ಜೊತೆ ಹಳೆಯ ಸ್ನೀಕರ್ ವಿರಾಜಮಾನವಾಗಿತ್ತು. ಹಿಮ್ಮಡಿಯ ಕಡೆ ಅಟ್ಟೆ ಓರೆಯಾಗಿ ಸವೆದಿತ್ತು, ಎಂದೋ ಬಿಳಿಯಾಗಿದ್ದ ಅಂಚು ಮಾಗಿದ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತ್ತು, ಎಡಗಾಲಿನದರ ಮೂತಿಯ ಮೇಲೆ ಮಾತ್ರ ಬೆರಳಗಲದ ಕಪ್ಪು ಗೀರು ಇತ್ತು. ಸೋದರಳಿಯ ಕುರ್ಚಿಯ ಮೇಲೆ ನಿಂತು, ಕಿಟಕಿಯ ಬೆಳಕು ಆ ಗೀರಿನ ಮೇಲೆ ಸರಿಯಾಗಿ ಬೀಳುವವರೆಗೆ ಉಸಿರು ಬಿಗಿಹಿಡಿದು, ಫೋಟೊ ತೆಗೆಯುತ್ತಿದ್ದ. ನನ್ನನ್ನು ಕಂಡವನೇ "ಮಾವ, ಇದನ್ನ ಎಲ್ಲಿ ಹಾಕಲಿ?" ಎಂದು ಕೇಳಿದ. ಕಸದ ಗಾಡಿ ಇನ್ನೂ ಬೀದಿಯ ತುದಿಯಲ್ಲೇ ಇದೆ, ಓಡಿದರೆ ಸಿಗುತ್ತದೆ ಎಂದೆ. ಅವನ ಮುಖ ಸಣ್ಣದಾಯಿತು. ಅವನು ಕೇಳಿದ್ದು ಫೋಟೊದ ವಿಷಯ ಎಂಬುದು ನನಗೆ ಹೊಳೆಯುವಷ್ಟರಲ್ಲಿ ಕಾಫಿ ಮುಗಿದಿತ್ತು. ಆ ಪಂಚೆ ನಾಳಿನ ಸತ್ಯನಾರಾಯಣ ಪೂಜೆಗೆಂದು ಎತ್ತಿಟ್ಟದ್ದು ಎಂಬುದು ಅಕ್ಕನಿಗೆ ಹೊಳೆದದ್ದೂ ಅದೇ ಹೊತ್ತಿಗೆ.

ಸಮಸ್ಯೆ ಗಹನವಾದದ್ದೆಂದು ಅವನ ವಿವರಣೆ ಕೇಳಿದ ಮೇಲೆ ಒಪ್ಪಬೇಕಾಯಿತು. ಇನ್‌ಸ್ಟಾಗ್ರಾಂನಲ್ಲಿ ಹಾಕಿದರೆ ಗೆಳೆಯರು ನೋಡುತ್ತಾರೆ, ಆದರೆ ಅವರಲ್ಲಿ ಅರ್ಧ ಜನರಿಗೆ ಕೊಳೆಗೂ ಪಟೀನಾಗೂ, ಅಂದರೆ ಬಳಸಿ ಬಳಸಿ ಮೂಡಿದ ಹಳತಿನ ಸೊಗಸಿಗೂ, ಇರುವ ವ್ಯತ್ಯಾಸ ತಿಳಿಯದು. ರೆಡಿಟ್‌ನ ಸ್ನೀಕರ್ ಪ್ರಿಯರ ಮಹಾಸಭೆಯಲ್ಲಿ ಹಾಕಿದರೆ ತಿಳಿದವರು ನೋಡುತ್ತಾರೆ, ಆದರೆ ತಿಳಿದವರಿಗೆ ದಯೆ ಕಡಿಮೆ. ಹಳೆಯದನ್ನು ಮಾರುವ ಆ್ಯಪ್‌ನಲ್ಲಿ ಹಾಕಬೇಕೆಂದರೆ ಹತ್ತಕ್ಕೆ ಇಷ್ಟು ಅಂಕವೆಂದು ಸವೆತಕ್ಕೆ ತಾನೇ ಮೌಲ್ಯಮಾಪನ ಮಾಡಿಕೊಳ್ಳಬೇಕು. ಲಿಂಕ್ಡ್‌ಇನ್‌ಗೆ ಹೋದ ಶೂ ಶೂವಾಗಿ ಉಳಿಯುವುದಿಲ್ಲ, ನಾಯಕತ್ವದ ಕುರಿತ ಏಳು ಪಾಠಗಳಾಗಿ ಹೊರಬರುತ್ತದೆ. ಇನ್ನು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದರೆ, ಶಿವಮೊಗ್ಗದ ದೊಡ್ಡಮ್ಮ "ಪಾಪ, ಹುಡುಗನಿಗೆ ಕಷ್ಟವಿರಬೇಕು" ಎಂದು ಐನೂರು ರೂಪಾಯಿ ಫೋನ್‌ಪೇ ಮಾಡುತ್ತಾರೆ. ನಗದು ಕೈಗೆ ಬರುವ ವೇದಿಕೆ ಅದೊಂದೇ ಆದ್ದರಿಂದ ನಾನು ಅದನ್ನೇ ಶಿಫಾರಸು ಮಾಡಿದೆ, ಅವನು ಒಪ್ಪಲಿಲ್ಲ.

ಸವೆದ ಶೂವಿಗೆ ಈ ಯೋಗ ಒಲಿದದ್ದು ನಿನ್ನೆ ಮೊನ್ನೆಯೇನಲ್ಲ. ವೆನಿಸ್ ಮೂಲದ ಗೋಲ್ಡನ್ ಗೂಸ್ ಕಂಪನಿ ಹೊಸ ಶೂವಿಗೆ ತಾನೇ ಗೀಚಿ, ಕೊಳೆ ಹಿಡಿಸಿ ಮಾರಲು ತೊಡಗಿ ಬಹಳ ವರ್ಷಗಳಾದವು. 2022ರ ಮೇ ತಿಂಗಳಲ್ಲಿ ದುಬಾರಿ ಫ್ಯಾಷನ್ ಕಂಪನಿ ಬಲೆನ್ಸಿಯಾಗ ಮಾಡಿದ್ದಂತೂ ಎಲ್ಲರಿಗೂ ನೆನಪಿರಬಹುದು: ಬಟ್ಟೆ ಹರಿದು, ಮಸಿ ಮೆತ್ತಿ, ಅಂಚು ಕಿತ್ತ ಶೂಗಳನ್ನು ನೂರೇ ನೂರು ಜೊತೆ ತಯಾರಿಸಿ, ಜೊತೆಯೊಂದಕ್ಕೆ 1,850 ಡಾಲರಿನಂತೆ ಮಾರಾಟಕ್ಕಿಟ್ಟಿತು. ಅದೇ ಶೂವಿನ ಅಷ್ಟೇನೂ ಹರಿಯದ ನಮೂನೆ 495 ಡಾಲರಿಗೇ ಸಿಗುತ್ತಿತ್ತು. ಹರಕು ಹೆಚ್ಚಿದಷ್ಟೂ ಬೆಲೆ ಹೆಚ್ಚು ಎಂಬ ಈ ಲೆಕ್ಕಾಚಾರವನ್ನು ನಮ್ಮ ಪೇಟೆಯ ಅಂಗಡಿಯವರು ಇನ್ನೂ ಕಲಿತಿಲ್ಲ. ಡ್ಯಾಮೇಜ್ ಪೀಸ್ ಎಂದು ಅರ್ಧ ಬೆಲೆಗೆ ಕೊಟ್ಟು ನಷ್ಟ ಮಾಡಿಕೊಳ್ಳುತ್ತಿದ್ದಾರೆ. ಜೀವನಪೂರ್ತಿ ಮೆಟ್ಟಬಹುದಾದ ಶೂ ಎಂದು ಸೂಚಿಸುವುದೇ ತನ್ನ ಜಾಹೀರಾತಿನ ಫೋಟೊಗಳ ಉದ್ದೇಶವೆಂದು ಕಂಪನಿ ಸಮಜಾಯಿಷಿ ನೀಡಿತು. ಕೊಳ್ಳುವವನಿಗೆ ನಡೆಯುವ ಶ್ರಮವೂ ಬೇಡವೆಂದು ಆ ಜೀವನವನ್ನು ಮುಂಗಡವಾಗಿ ತಾನೇ ಬದುಕಿಕೊಟ್ಟದ್ದು ಅದರ ದೊಡ್ಡತನ. ಅದೇ ವರ್ಷದ ನವೆಂಬರಿನಲ್ಲಿ, ಸ್ಟೀವ್ ಜಾಬ್ಸ್ 1970ರ ದಶಕದಲ್ಲಿ ಮೆಟ್ಟಿದ್ದ ಬರ್ಕನ್‌ಸ್ಟಾಕ್ ಚಪ್ಪಲಿ ಹರಾಜಿನಲ್ಲಿ 2,18,750 ಡಾಲರಿಗೆ ಹೋಯಿತು. ಅದರಲ್ಲಿ ಅವರ ಪಾದದ ಅಚ್ಚು ಮೂಡಿದೆ ಎಂಬುದೇ ಹೆಗ್ಗಳಿಕೆ. ನನ್ನ ಹವಾಯಿ ಚಪ್ಪಲಿಯಲ್ಲೂ ಐದು ಬೆರಳುಗಳ ಅಚ್ಚು ಸ್ಪಷ್ಟವಾಗಿದೆ. ಬಚ್ಚಲಲ್ಲಿ ಜಾರಿ ಬೀಳುತ್ತೀರಿ ಎಂದು ಮನೆಯವಳು ದಿನವೂ ಬೈಯುತ್ತಾಳೆ.

ಹಾಗೆ ನೋಡಿದರೆ, ಹರಿದ ಮೆಟ್ಟನ್ನು ನಾಲ್ಕು ಜನರ ಕಣ್ಣಿಗೆ ಬೀಳುವಂತೆ ತೂಗುಹಾಕುವ ವಿದ್ಯೆಯಲ್ಲಿ ನಾವು ಯಾರಿಗಿಂತಲೂ ಹಿಂದೆ ಬಿದ್ದವರಲ್ಲ. ಲಾರಿಯ ಹಿಂಬದಿಯಲ್ಲಿ, ಕಟ್ಟುತ್ತಿರುವ ಮನೆಯ ಕಂಬದಲ್ಲಿ, ಬೂದುಗುಂಬಳಕಾಯಿಯ ನೆರೆಯಲ್ಲಿ ದೃಷ್ಟಿ ತಾಗದಿರಲೆಂದು ಒಂಟಿ ಚಪ್ಪಲಿ ಕಟ್ಟುತ್ತ ಬಂದಿದ್ದೇವೆ. ಎಲ್ಲಿ ಹಾಕಬೇಕೆಂಬ ಗೊಂದಲ ಆಗ ಯಾರಿಗೂ ಇರಲಿಲ್ಲ, ಉದ್ದೇಶವೂ ಸರಳವಾಗಿತ್ತು: ನೋಡುವವರ ಕಣ್ಣು ಲಾರಿಯ ಮೇಲೆ ಬೀಳದೆ ಚಪ್ಪಲಿಯ ಮೇಲೆ ಬೀಳಲಿ. ಇನ್‌ಸ್ಟಾಗ್ರಾಂ ಲಾರಿಯನ್ನು ತೆಗೆದುಹಾಕಿ ಚಪ್ಪಲಿಯನ್ನಷ್ಟೇ ಉಳಿಸಿಕೊಂಡಿದೆ.

ಇನ್ನೊಂದು ಮಾತು. ಕನ್ನಡದಲ್ಲಿ ಚಪ್ಪಲಿ ಸವೆಸುವುದು ಎಂದರೆ ಸರ್ಕಾರಿ ಕಚೇರಿಗೆ ಅಲೆಯುವುದು ಎಂದೇ ಅರ್ಥ. ಅದು ಗಜ, ಮೊಳಗಳಂತೆ ಒಂದು ಅಳತೆ. ಪಹಣಿಯಲ್ಲಿ ಅಜ್ಜನ ಹೆಸರಿನ ಒಂದು ಒತ್ತಕ್ಷರ ತಿದ್ದಿಸಲು ಒಂದು ಜೊತೆ, ಖಾತೆ ಬದಲಾವಣೆಗೆ ಎರಡು ಜೊತೆ, ಎಂದು ಅನುಭವಸ್ಥರು ಹೇಳುತ್ತಾರೆ. ತಂದೆಯವರು ತೀರಿಕೊಂಡ ವರ್ಷ ಖಾತೆಗಾಗಿ ಅಲೆಯುತ್ತಿದ್ದಾಗ ನನ್ನ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಕಚೇರಿಯ ಹೊರಗಿನ ಹೊಂಗೆಮರದಡಿ ಕುಳಿತು ಚಪ್ಪಲಿ ಹೊಲಿಯುತ್ತಿದ್ದ ಹಿರಿಯರ ಬಳಿ ಕೊಟ್ಟೆ. ಅವರು ಅದನ್ನು ತಿರುಗಿಸಿ, ಅಟ್ಟೆಯ ಮೇಲೆ ಹೆಬ್ಬೆರಳಾಡಿಸಿ, ನನ್ನ ಮುಖ ನೋಡದೆಯೇ "ಖಾತೆನಾ, ಸಾರ್?" ಎಂದರು. ಸವೆತವನ್ನು ನೋಡಿ ಅಂಕ ಕೊಡುವ ಪರಿಣತರು ಅಂತರ್ಜಾಲದಲ್ಲಿ ಲಕ್ಷ ಮಂದಿ ಇರಬಹುದು, ಸವೆತವನ್ನು ನೋಡಿ ಇಲಾಖೆಯನ್ನು ಹೇಳಬಲ್ಲವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ.

2022 ಎಂದಾಗ ನನಗೆ ಬೇರೊಂದು ಶೂ ನೆನಪಾಗುತ್ತದೆ. ಬಲೆನ್ಸಿಯಾಗದ ಫೋಟೊ ಎಲ್ಲರ ಫೋನುಗಳಲ್ಲಿ ಓಡಾಡಿದ ಎರಡು ತಿಂಗಳಿಗೆ, ನಮ್ಮ ರಾಜ್ಯದ ಸರ್ಕಾರಿ ಶಾಲೆಯ ಮಕ್ಕಳಿಗೆ ಆ ವರ್ಷ ಶೂ, ಸಾಕ್ಸ್ ಕೊಡಬೇಕೋ ಬೇಡವೋ ಎಂದು ದೊಡ್ಡವರು ಬೀದಿಯಲ್ಲಿ ನಿಂತು ಜಗಳವಾಡಿದರು. ಮೇ ತಿಂಗಳಲ್ಲೇ ತರಗತಿಗಳು ಆರಂಭವಾಗಿದ್ದವು. 132 ಕೋಟಿ ರೂಪಾಯಿಗೆ ಒಪ್ಪಿಗೆ ಸಿಕ್ಕಿದ್ದು ಜುಲೈನಲ್ಲಿ. ಒಂದರಿಂದ ಐದನೇ ತರಗತಿಯ ಮಗುವಿಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್, ಎಲ್ಲ ಸೇರಿ 265 ರೂಪಾಯಿ. ಆ ಒಂದು ಹರಕು ಜೊತೆಯ ಬೆಲೆಗೆ, ಅಂದಿನ ಡಾಲರ್ ಲೆಕ್ಕದಲ್ಲಿ, ಐನೂರಕ್ಕೂ ಹೆಚ್ಚು ಮಕ್ಕಳ ಕಾಲಿಗೆ ಶೂ ಬರುತ್ತಿತ್ತು. 265 ರೂಪಾಯಿಯ ಶೂ ದೀಪಾವಳಿಯ ಹೊತ್ತಿಗೆ ಬಾಯಿಬಿಟ್ಟರೆ ಅದನ್ನು ಯಾರೂ ಪಟೀನಾ ಎನ್ನುವುದಿಲ್ಲ; ಮಗು ಪ್ರಾರ್ಥನೆಯ ಸಾಲಿನಲ್ಲಿ ಒಂದು ಕಾಲನ್ನು ಇನ್ನೊಂದರ ಹಿಂದೆ ಮರೆಮಾಡಿಕೊಂಡು ನಿಲ್ಲುತ್ತದೆ. ಆ ಫೋಟೊ ಎಲ್ಲಿ ಹಾಕೋಣ ಎಂದು ಯಾರೂ ಅದನ್ನು ಕೇಳುವುದಿಲ್ಲ. ದಾನಿಗಳು ಬಂದ ದಿನ ಯಾರೋ ತೆಗೆಯುತ್ತಾರೆ, ಯಾರೋ ತಮ್ಮ ಪುಟದಲ್ಲಿ ಹಾಕಿಕೊಳ್ಳುತ್ತಾರೆ, ಮಗುವಿನ ಮುಖವನ್ನೂ ಸೇರಿಸಿ. ಇದರಲ್ಲಿ ತಮಾಷೆ ಮಾಡಲು ನನಗೆ ಏನೂ ಸಿಗುತ್ತಿಲ್ಲ.

ಅಳಿಯ ಕೊನೆಗೆ ರೆಡಿಟ್‌ನಲ್ಲೇ ಹಾಕಿದ. ರಾತ್ರಿ ಊಟದ ಹೊತ್ತಿಗೆ ಒಬ್ಬ ಹಿಮ್ಮಡಿಯ ಫೋಟೊ ಎಲ್ಲಿ ಎಂದು ಗದರಿದ್ದ, ಇನ್ನೊಬ್ಬ ಇದು ಉಪ್ಪುಕಾಗದದಿಂದ ಉಜ್ಜಿದ ಮೋಸದ ಸವೆತವೆಂದು ಆರೋಪಿಸಿದ್ದ. ಎಡಗಾಲಿನ ಮೂತಿಯ ಮೇಲಿದ್ದ ಆ ಕಪ್ಪು ಗೀರನ್ನು ಮಾತ್ರ ಎಲ್ಲರೂ ಕೊಂಡಾಡಿದ್ದರು. ಅವನ ಬೈಕಿನ ಗೇರು ಒಂದರಿಂದ ಎರಡಕ್ಕೆ ಹೋಗಿ ಮತ್ತೆ ಒಂದಕ್ಕೆ ಮರಳುತ್ತ ಎರಡು ವರ್ಷ ಕಳೆದದ್ದರ ಗುರುತು ಅದು. ಯಾವ ದೇಶದವನೋ ಏನೋ, ಒಂದೇ ಕಾಲಿಗೆ ಇಷ್ಟು ಸೊಗಸಾದ ವಿನ್ಯಾಸವನ್ನು ಯಾರಿಂದ ಮಾಡಿಸಿದೆ ಎಂದು ವಿನಯದಿಂದ ಕೇಳಿದ್ದ. ಅಳಿಯ ಕೈ ತೊಳೆದು ಬಂದು "ಸಿಲ್ಕ್ ಬೋರ್ಡ್" ಎಂದು ಉತ್ತರ ಬರೆದ.